ಮೂರನೆಯ ಮದ್ದಳೆ

ಪತ್ತನಾಜೆ ಬಂತೆಂದರೆ ತುಳುನಾಡಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಬೇಶ ತಿಂಗಳ ಹತ್ತನೆಯ ದಿನ. ಮೇ ತಿಂಗಳ ಕೊನೆಯ ವಾರದ ಹೊತ್ತು. ದೀಪಾವಳಿಯ ಆಸುಪಾಸಿನಿಂದ ರಾತ್ರಿಗಳನ್ನು ಗುಡುಗಿಸಿದ ಚೆಂಡೆ ಮದ್ದಳೆಗಳು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ಮನೆಗಳಿಗೆ ಮರಳುತ್ತವೆ. ಅವುಗಳ ಬೆನ್ನಿಗೇ ಮಳೆ. ತೇವದ ಗಾಳಿಗೆ ಚರ್ಮ ಜೋಲುತ್ತದೆ, ನಾದ ಮಂಕಾಗುತ್ತದೆ. ಹರಿದ ಮುಚ್ಚಿಗೆ ತೆಗೆಸಿ ಹೊಸದು ಹಾಕಿಸುವುದಿದ್ದರೆ ಬಿಡುವು ಸಿಗುವುದು ಆಗಲೇ.

ಆಸೆ ಮೊಳೆಯುವುದೂ ಆಗಲೇ. ರಿಪೇರಿಗೆಂದು ಹೋದವರ ಕಣ್ಣು ಗೋಡೆಗೆ ಒರಗಿಸಿಟ್ಟ ಹೊಸ ಮದ್ದಳೆಯೊಂದರ ಮೇಲೆ ಬೀಳುತ್ತದೆ. ಬೆರಳು ತಾನಾಗಿ ಹೋಗಿ ಕರಣೆಯ ಮೇಲೆ ಒಂದು ಪೆಟ್ಟು ಹಾಕುತ್ತದೆ. ನಾದ ಎದ್ದು ನಿಲ್ಲುತ್ತದೆ. ಮನೆಯಲ್ಲಿ ಆಗಲೇ ಎರಡಿವೆ. ಆದರೂ ಬಾಯಿಗೆ ಬರುವ ಮಾತು ಒಂದೇ: ‘ಇದೂ ಒಂದು ಇರಲಿ ಮಾರಾಯ್ರೆ, ಬಿದ್ದಿರ್ತದೆ.’

ಈ ‘ಇರಲಿ’ ಎಂಬ ಮೂರಕ್ಷರದ ಮೇಲೆ ಇದೇ ನೆಲದಲ್ಲಿ ಶತಮಾನಗಳ ಕಾಲ ವಿಚಾರ ನಡೆದಿದೆ. ಜೈನಕಾಶಿ ಎನ್ನಿಸಿಕೊಂಡ ಮೂಡುಬಿದಿರೆಯ ಬಸದಿಗಳಲ್ಲಿ ಗೃಹಸ್ಥರು ತೊಡುತ್ತ ಬಂದ ವ್ರತವೊಂದು ಕೇಳುವುದು ಇದನ್ನೇ: ಬೇಕಾದದ್ದು ಎಲ್ಲಿ ಮುಗಿಯುತ್ತದೆ, ಇರಲಿ ಎಂಬುದು ಎಲ್ಲಿ ಶುರುವಾಗುತ್ತದೆ?

ಮೊದಲು ನ್ಯಾಯವಾದ ಲೆಕ್ಕ ನೋಡಬೇಕು. ಒಂದೇ ಮದ್ದಳೆ ಎಲ್ಲ ಭಾಗವತರಿಗೂ ಒಗ್ಗುವುದಿಲ್ಲ. ಅದರ ಬಲಬದಿಯನ್ನು ಹಾಡುವವರ ಶ್ರುತಿಗೆ ಕೂಡಿಸಲೇಬೇಕು. ಒಬ್ಬರದು ಕಪ್ಪು ಒಂದು, ಇನ್ನೊಬ್ಬರದು ಬಿಳಿ ಐದು. ಹಾರ್ಮೋನಿಯಮ್ಮಿನ ಮನೆಗಳ ಲೆಕ್ಕವೇ ಈಗ ಹಿಮ್ಮೇಳದವರ ಆಡುಮಾತು. ಬಾರು ಬಿಗಿದು ಮದ್ದಳೆಯನ್ನು ಸ್ವಲ್ಪ ಏರಿಸಬಹುದು, ಸಡಿಲಿಸಿ ಸ್ವಲ್ಪ ಇಳಿಸಬಹುದು. ಹದ ಮೀರಿ ಎಳೆದರೆ ಚರ್ಮ ಹರಿಯುತ್ತದೆ, ಹದ ಮೀರಿ ಬಿಟ್ಟರೆ ನಾದ ಸಾಯುತ್ತದೆ. ಬಯಲಾಟದ ಒಂದೇ ರಾತ್ರಿಯಲ್ಲಿ ಪೂರ್ವರಂಗಕ್ಕೊಬ್ಬರು, ನಡುರಾತ್ರಿಯ ಬಳಿಕ ಮುಖ್ಯ ಭಾಗವತರು ಎಂದು ಹಾಡುವವರು ಬದಲಾಗುತ್ತಾರೆ. ಹೀಗಿರುವಾಗ ಏರು ಶ್ರುತಿಗೊಂದು, ತಗ್ಗು ಶ್ರುತಿಗೊಂದು ಎಂದು ಎರಡು ಮದ್ದಳೆ ಇಟ್ಟುಕೊಂಡವನನ್ನು ಆಸೆಬುರುಕ ಎನ್ನುವಂತಿಲ್ಲ.

ಮೂರನೆಯದಕ್ಕೆ ಬಂದಾಗ ಲೆಕ್ಕ ತಪ್ಪುತ್ತದೆ. ಅದಕ್ಕೂ ಕಾರಣಗಳಿರುತ್ತವೆ. ಮುಚ್ಚಿಗೆ ಆಟದ ನಡುವೆ ಹರಿದರೆ? ದೂರದ ಊರಿನ ಆಟಕ್ಕೆ ಹೋದಾಗ ಮಳೆ ಬಂದರೆ? ಒಳ್ಳೆಯ ಹಲಸಿನ ಮರದ ಕಳಸಿಗೆ ಮುಂದೆ ಸಿಗುತ್ತದೋ ಇಲ್ಲವೋ? ಒಂದೊಂದೂ ಸುಳ್ಳಲ್ಲ. ಆದರೆ ಮೊದಲೆರಡು ಮದ್ದಳೆಗಳಿಗೆ ಕಾರಣ ಮೊದಲು ಬಂತು, ಮದ್ದಳೆ ಆಮೇಲೆ. ಮೂರನೆಯದಕ್ಕೆ ಮದ್ದಳೆ ಮೊದಲು ಕಣ್ಣಿಗೆ ಬಿತ್ತು. ಕಾರಣಗಳು ಮನೆಗೆ ಬರುವ ದಾರಿಯಲ್ಲಿ ಬಸ್ಸಿನಲ್ಲಿ ಹುಟ್ಟಿದವು.

ಬಿ.ಸಿ. ರೋಡಿನ ಕಡೆ ರಸಮಂಜರಿಗಳಲ್ಲೋ, ಭಾನುವಾರ ಇಗರ್ಜಿಯ ಗಾಯನ ತಂಡದಲ್ಲೋ ಬೇಸ್ ಗಿಟಾರ್ ಹಿಡಿದು ಹಿಂದಿನ ಸಾಲಿನಲ್ಲಿ ನಿಲ್ಲುವ ಹುಡುಗನ ಪಾಡೂ ಇದೇ. ನಾಲ್ಕು ತಂತಿ, ಎದೆಗೂಡಿನಲ್ಲಿ ಗುಂಯ್‌ಗುಡುವ ತಗ್ಗು ಸ್ವರ. ಅದು ನಿಂತು ಹೋದಾಗಲೇ ಕೇಳುಗರಿಗೆ ಅದೊಂದು ಇತ್ತೆಂದು ಗೊತ್ತಾಗುವುದು. ಲಿಯೋ ಫೆಂಡರ್ 1951ರಲ್ಲಿ ಅಮೆರಿಕದ ಪೇಟೆಗೆ ಬಿಟ್ಟ ಪ್ರಿಸಿಷನ್ ಬೇಸ್ ಈ ವಾದ್ಯದ ಮೂಲಮಾದರಿ. ಇನ್ನೂ ತಗ್ಗಿನ ಸ್ವರ ಬೇಕೆಂದಾಗ ಐದನೆಯ ತಂತಿ ಬಂತು. ಅದು ಎರಡನೆಯ ಮದ್ದಳೆಯ ಹಾಗೆ, ನ್ಯಾಯವಾದ ಬೇಡಿಕೆ. ಆಮೇಲೆ ಆರು ತಂತಿ, ಬಗೆಬಗೆಯ ಪಿಕಪ್ಪು, ಕಾಲಡಿಯಲ್ಲಿ ಪೆಡಲುಗಳ ಸಾಲು. ಮೊಬೈಲ್ ತೆರೆದರೆ ದಿನಕ್ಕೊಂದು ಹೊಸ ಮಾದರಿ. ಸ್ಟೀಲಿ ಡ್ಯಾನ್ ತಂಡದ ವಾಲ್ಟರ್ ಬೆಕರ್, ಸ್ವತಃ ಬೇಸ್ ಮತ್ತು ಗಿಟಾರ್ ನುಡಿಸುತ್ತಿದ್ದವರು, 1990ರ ದಶಕದಲ್ಲಿ ಈ ಗೀಳಿಗೆ ಒಂದು ರೋಗದ ಹೆಸರೇ ಇಟ್ಟರು: ಗಿಟಾರ್ ಅಕ್ವಿಸಿಷನ್ ಸಿಂಡ್ರೋಮ್. ಮೂರು ಮೊದಲಕ್ಷರ ಸೇರಿಸಿದರೆ ‘ಗ್ಯಾಸ್’. ಹೊಟ್ಟೆಯ ಗ್ಯಾಸಿನಂತೆಯೇ ಇದೂ ತುಂಬಿದಷ್ಟು ಹೆಚ್ಚುವ ಬಾಧೆ.

ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೋದ ಜೇಮ್ಸ್ ಜೇಮರ್ಸನ್‌ಗೆ ಈ ಬಾಧೆ ತಟ್ಟಿದಂತಿಲ್ಲ. 1962ರ ಒಂದು ಪ್ರಿಸಿಷನ್ ಬೇಸ್, ಬದಲಿಸಲು ಮನಸ್ಸೇ ಮಾಡದ ಹಳೆಯ ತಂತಿಗಳು, ಬಲಗೈಯ ತೋರುಬೆರಳು ಒಂದೇ. 1960ರ ದಶಕದ ಮೋಟೌನ್ ಹಾಡುಗಳ ಬುಡದಲ್ಲಿ ಕೇಳುವುದು ಬಹುಮಟ್ಟಿಗೆ ಆ ಬೆರಳು. 1983ರಲ್ಲಿ ಅವನು ಸಾಯುವ ಸ್ವಲ್ಪ ಮೊದಲು ಆ ಗಿಟಾರ್ ಕಳುವಾಯಿತು.

ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಹಿತೋಪದೇಶವಾಗಿಬಿಡುತ್ತದೆ. ಇನ್ನೊಂದು ಬದಿಯಲ್ಲಿ ‘ದ ಹೂ’ ತಂಡದ ಜಾನ್ ಎಂಟ್‌ವಿಸ್ಲ್ ನಿಂತಿದ್ದಾನೆ. ಅವನ ಬೇಸ್ ಗಿಟಾರ್‌ಗಳ ಸಂಗ್ರಹ ಎಷ್ಟು ದೊಡ್ಡದಿತ್ತೆಂದರೆ, 2002ರಲ್ಲಿ ಅವನು ತೀರಿಕೊಂಡ ಮೇಲೆ, 2003ರಲ್ಲಿ ಲಂಡನ್ನಿನ ಸದಬೀಸ್ ಸಂಸ್ಥೆ ಅದನ್ನು ಹರಾಜಿಗೆ ಇಟ್ಟಿತು. ಅವನೂ ಬೇಸ್ ವಾದನದ ದಾರಿ ಬದಲಿಸಿದವರಲ್ಲಿ ಒಬ್ಬ. ಒಂದೇ ಇದ್ದವನ ಸಂಗೀತ ಮೇಲು, ರಾಶಿ ಇದ್ದವನದು ಕೀಳು ಎಂಬ ತೀರ್ಪಿಗೆ ಇತಿಹಾಸ ಸಾಕ್ಷಿ ಹೇಳುವುದಿಲ್ಲ. ಹಾಗಾದರೆ ಅಳೆಯುವುದು ಯಾವುದನ್ನು?

ಜೈನ ಗೃಹಸ್ಥನಿಗೆ, ಅಂದರೆ ಶ್ರಾವಕನಿಗೆ, ಹನ್ನೆರಡು ವ್ರತಗಳಿವೆ. ಮೊದಲ ಐದು ಅಣುವ್ರತಗಳು. ಅವುಗಳಲ್ಲಿ ಐದನೆಯದು ಪರಿಗ್ರಹ ಪರಿಮಾಣ. ಮುನಿಗೆ ಹೇಳಿದ ಹಾಗೆ ಎಲ್ಲವನ್ನೂ ಬಿಡು ಎಂದು ಅದು ಹೇಳುವುದಿಲ್ಲ. ಹೊಲ, ಮನೆ, ಬೆಳ್ಳಿ, ಬಂಗಾರ, ದನಕರು, ಧಾನ್ಯ, ಆಳುಕಾಳು, ಬಟ್ಟೆಬರೆ, ಪಾತ್ರೆಪಗಡಿ ಎಂದು ಹೊರಗಿನ ಸ್ವತ್ತನ್ನು ಹತ್ತು ಬಗೆಯಾಗಿ ವಿಂಗಡಿಸಿ, ಒಂದೊಂದರಲ್ಲೂ ನಿನಗೆ ಎಷ್ಟು ಸಾಕು ಎಂದು ನೀನೇ ಹೇಳು, ಹೇಳಿದ ಮೇಲೆ ದಾಟಬೇಡ ಎನ್ನುತ್ತದೆ. ಗೆರೆ ಎಳೆಯುವವನು ಅವನೇ. ಗುರು ಅದಕ್ಕೆ ಸಾಕ್ಷಿ ಮಾತ್ರ. ಸಮಂತಭದ್ರ ಆಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ ಇದೇ ವ್ರತಕ್ಕೆ ಇನ್ನೊಂದು ಹೆಸರನ್ನೂ ಕೊಡುತ್ತದೆ: ಇಚ್ಛಾ ಪರಿಮಾಣ. ವಸ್ತುವನ್ನು ಅಳೆದಂತೆ ಕಂಡರೂ ಅಳೆಯುವುದು ಇಚ್ಛೆಯನ್ನು ಎಂಬುದನ್ನು ಆ ಹೆಸರೇ ಹೇಳಿಬಿಡುತ್ತದೆ.

ಗೆರೆಯನ್ನು ಮೊದಲೇ ಎಳೆಯಬೇಕು ಎಂಬಲ್ಲಿ ಈ ವ್ರತದ ಜಾಣತನವಿದೆ. ಅಂಗಡಿಯಲ್ಲಿ ನಿಂತು, ಕೈಯಲ್ಲಿ ವಾದ್ಯ ಹಿಡಿದುಕೊಂಡು ‘ನನಗೆ ಎಷ್ಟು ಸಾಕು’ ಎಂದು ಕೇಳಿಕೊಂಡರೆ ಉತ್ತರ ಯಾವಾಗಲೂ ‘ಇನ್ನೊಂದು’ ಎಂದೇ ಬರುತ್ತದೆ. ಕೇಳಬೇಕಾದದ್ದು ಮನೆಯಲ್ಲಿ, ಮುಚ್ಚಿಗೆ ಹರಿಯದ ದಿನ.

ಮನುಷ್ಯ ಎಂಥವನೆಂದು ಆಚಾರ್ಯರಿಗೆ ಚೆನ್ನಾಗಿ ಗೊತ್ತಿತ್ತು. ಹನ್ನೆರಡನೆಯ ಶತಮಾನದ ಹೇಮಚಂದ್ರನ ‘ಯೋಗಶಾಸ್ತ್ರ’ದಂಥ ಶ್ವೇತಾಂಬರ ಗ್ರಂಥಗಳು ವ್ರತವನ್ನು ಮುರಿಯದೆಯೇ ಮುರಿಯುವ ಉಪಾಯಗಳನ್ನು ಪಟ್ಟಿ ಮಾಡಿವೆ. ಇಂತಿಷ್ಟೇ ಹೊಲ ಎಂದು ವ್ರತ ತೊಟ್ಟವನು ಪಕ್ಕದ ಹೊಲ ಕೊಂಡು ನಡುವಿನ ಅಂಚು ಕಡಿದು, ‘ಒಂದೇ ಹೊಲ ಸ್ವಾಮೀ’ ಎನ್ನುತ್ತಾನೆ. ಹೆಚ್ಚಾದ ಬಂಗಾರವನ್ನು ವ್ರತದ ಅವಧಿ ಮುಗಿಯುವ ತನಕ ಬೇಕಾದವರ ಕೈಯಲ್ಲಿ ಇರಿಸುತ್ತಾನೆ. ಪಾತ್ರೆಗಳ ಎಣಿಕೆ ಮೀರಿತೆಂದು ಎರಡನ್ನು ಕರಗಿಸಿ ಒಂದು ದೊಡ್ಡ ಪಾತ್ರೆ ಮಾಡಿಸುತ್ತಾನೆ. ಸಂಗೀತಗಾರರ ಲೋಕ ಬಲ್ಲವರಿಗೆ ಇವೆಲ್ಲ ಹಳೆಯ ಪರಿಚಯ. ‘ಇದು ನನ್ನದಲ್ಲ, ಸ್ನೇಹಿತನದು, ಇಟ್ಟುಕೊಂಡಿರು ಅಂದಿದ್ದಾನೆ’ ಎಂದು ಮನೆಯಾಕೆಗೆ ಹೇಳಿದ ಗಿಟಾರ್. ‘ಒಂದು ಕೊಟ್ಟೇ ಒಂದು ತಂದದ್ದು’ ಎಂಬ ಲೆಕ್ಕದಲ್ಲಿ ವರ್ಷಕ್ಕೆ ನಾಲ್ಕು ಸಲ ಬದಲಾಗುವ ವಾದ್ಯ. ಎಣಿಕೆ ಒಂದೇ ಇದೆ. ಮನಸ್ಸು ಮಾತ್ರ ಒಂದರಲ್ಲೂ ಕೂತಿಲ್ಲ.

ಸಮಂತಭದ್ರರು ಹೇಳುವ ಐದು ಅತಿಚಾರಗಳ, ಅಂದರೆ ವ್ರತದ ಕುಂದುಗಳ, ಪಟ್ಟಿ ಬೇರೆ: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಹನ. ದುಡಿಯುವ ಎತ್ತನ್ನು ಮಿತಿಮೀರಿ ಓಡಿಸುವುದು, ಹೊರಲಾರದಷ್ಟು ಹೇರುವುದು, ಕೂಡಿಡುವುದು, ಲೋಭ ಎಂಬವೆಲ್ಲ ಸರಿ. ಈ ಸಾಲಿನ ನಡುವೆ ವಿಸ್ಮಯ ಹೇಗೆ ಬಂತು? ಇನ್ನೊಬ್ಬನ ಸಂಪತ್ತು, ಇನ್ನೊಬ್ಬನ ಲಾಭ ಕಂಡು ಬಾಯಿ ಬಿಡುವುದೂ ವ್ರತಕ್ಕೆ ಕುಂದು ಎಂಬುದು ಅವರ ಎಣಿಕೆ. ನಮ್ಮ ಕಾಲದಲ್ಲಿ ಆ ಪಟ್ಟಿಯ ಬೇರೆ ನಾಲ್ಕಕ್ಕೂ ಈ ಒಂದೇ ಬಾಗಿಲು. ಯಾರದೋ ವೀಡಿಯೋದಲ್ಲಿ ಹಿಂದಿನ ಗೋಡೆಗೆ ತೂಗುಹಾಕಿದ ಹತ್ತು ಗಿಟಾರ್ ನೋಡುವಾಗ ಯಾರ ಜೇಬಿನಿಂದಲೂ ಒಂದು ಪೈಸೆ ಹೋಗುವುದಿಲ್ಲ. ಆದರೆ ಮನೆಯಲ್ಲಿರುವ ಗಿಟಾರ್ ಅಷ್ಟರಲ್ಲೇ ಹಳೆಯದಾಗಿರುತ್ತದೆ.

ಉಮಾಸ್ವಾತಿಯ ‘ತತ್ತ್ವಾರ್ಥಸೂತ್ರ’ ಪರಿಗ್ರಹವನ್ನು ಒಂದೇ ಪದದಲ್ಲಿ ಹಿಡಿಯುತ್ತದೆ. ಆ ಪದ ಮೂರ್ಛೆ. ಕನ್ನಡಿಗನಿಗೆ ಮೂರ್ಛೆ ಎಂದರೆ ಎಚ್ಚರ ತಪ್ಪಿ ಬೀಳುವುದು. ಶಾಸ್ತ್ರದಲ್ಲಿ ಅದು ವಸ್ತುವಿನಲ್ಲಿ ಮನಸ್ಸು ಎಚ್ಚರ ತಪ್ಪುವುದು, ‘ನನ್ನದು’ ಎಂಬ ಮಂಪರು. ಬಿದ್ದಿರುವುದು ಮದ್ದಳೆಯಲ್ಲ, ಮದ್ದಳೆಗಾರ.

ಇಲ್ಲಿ ಯಾರಾದರೂ ಜಾಣ ಎದ್ದು ಕೇಳಬಹುದು: ಮೂರ್ಛೆಯೇ ಪರಿಗ್ರಹವಾದರೆ, ಮೂರ್ಛೆ ಇಲ್ಲದೆ ಇಪ್ಪತ್ತು ಗಿಟಾರ್ ಇಟ್ಟುಕೊಂಡರೆ ತಪ್ಪೇನು? ಇದು ಹೊಸ ಪ್ರಶ್ನೆಯಲ್ಲ. ಜೈನರು ಎರಡು ಪಂಥವಾಗಿ ವಾದಿಸಿದ ಒಂದು ಮುಖ್ಯ ವಿಷಯವೇ ಇದು. ಮಮತೆ ಇಲ್ಲದೆ ಉಟ್ಟ ಬಿಳಿ ಬಟ್ಟೆ ಪರಿಗ್ರಹವಲ್ಲ, ಅದು ಸಂಯಮಕ್ಕೆ ಸಹಾಯ ಎಂದರು ಶ್ವೇತಾಂಬರರು. ಬಟ್ಟೆ ಇದ್ದರೆ ಅದನ್ನು ಒಗೆಯಬೇಕು, ಕಾಯಬೇಕು, ಹರಿದರೆ ಬೇಡಬೇಕು. ವಸ್ತು ಇದ್ದಲ್ಲಿ ಮೂರ್ಛೆ ಬಂದೇ ಬರುತ್ತದೆ ಎಂದರು ದಿಗಂಬರರು. ಮೂಡುಬಿದಿರೆ, ವೇಣೂರು, ಕಾರ್ಕಳಗಳ ಪರಂಪರೆ ದಿಗಂಬರರದು. ಆದರೂ ದಿಗಂಬರ ಮುನಿಯ ಕೈ ಪೂರ್ತಿ ಬರಿದಲ್ಲ. ನೆಲದ ಮೇಲಿನ ಜೀವಿಗಳಿಗೆ ನೋವಾಗದಂತೆ ಸವರಲು ನವಿಲು ಉದುರಿಸಿದ ಗರಿಗಳ ಪಿಂಛಿ, ಶುಚಿಗೆ ಕಮಂಡಲು, ಓದಿಗೆ ಶಾಸ್ತ್ರ. ಈ ಮೂರಕ್ಕೆ ಪರಂಪರೆ ಕೊಟ್ಟ ಹೆಸರು ಉಪಕರಣ. ಸಂಯಮದ ಉಪಕರಣ, ಶೌಚದ ಉಪಕರಣ, ಜ್ಞಾನದ ಉಪಕರಣ.

ಅದೇ ಪದವನ್ನು ನಾವು ಸಂಗೀತ ಉಪಕರಣ ಎನ್ನುವಾಗಲೂ ಬಳಸುತ್ತೇವೆ. ಒಂದು ಕೆಲಸಕ್ಕೆ ನೆರವಾಗುವುದು ಉಪಕರಣ, ಹಿಡಿದುಕೊಂಡದ್ದು ಪರಿಗ್ರಹ. ವಸ್ತು ಒಂದೇ ಇರಬಹುದು. ಬೆಳಿಗ್ಗೆ ಉಪಕರಣವಾಗಿದ್ದದ್ದು ಸಂಜೆಗೆ ಪರಿಗ್ರಹವಾಗಬಹುದು. ಇಡೀ ಮಳೆಗಾಲ ಮುಟ್ಟದೆ, ಯಾರಿಗೂ ಮುಟ್ಟಗೊಡದೆ, ಧೂಳು ಮಾತ್ರ ಒರೆಸಿಡುವ ಮದ್ದಳೆ ಹಾಗೆಯೇ ಬದಲಾಗುತ್ತದೆ.

ಈ ಅಳತೆಗೋಲು ಹಿಡಿದು ಬಂಟ್ವಾಳಕ್ಕೆ ಹೋದರೆ ಅದು ಮೊದಲ ಮನೆಯಲ್ಲೇ ತೊಡಕಿಗೆ ಸಿಕ್ಕಿಕೊಳ್ಳುತ್ತದೆ. ತಾಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ಗೋಪಾಲನಾಥರ ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ಮನೆಯಲ್ಲಿ ವಾದ್ಯವಿತ್ತು, ವಿದ್ಯೆಯಿತ್ತು, ದೇವಸ್ಥಾನದ ಸೇವೆಯಿತ್ತು. ಇದ್ದದ್ದರಲ್ಲಿ ತೃಪ್ತಿ ಎಂಬುದೇ ದೊಡ್ಡ ಧರ್ಮವಾಗಿದ್ದರೆ ಹುಡುಗ ನಾಗಸ್ವರದಲ್ಲೇ ನಿಲ್ಲಬೇಕಿತ್ತು. ಆದರೆ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿದ ಮೇಲೆ ಅದೇ ಬೇಕೆನಿಸಿತು. ಬೆಲ್ಜಿಯಂ ಮೂಲದ ಅಡಾಲ್ಫ್ ಸಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ವಾದ್ಯ. ಕರ್ನಾಟಕ ಸಂಗೀತದ ಗಮಕಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಒಂದು ಕೀಲಿ ಒತ್ತಿದರೆ ಒಂದು ಸ್ವರ, ಇನ್ನೊಂದು ಒತ್ತಿದರೆ ಇನ್ನೊಂದು. ಎರಡರ ನಡುವೆ ಜಾರುವ ದಾರಿ ಇಲ್ಲ.

ಸಮಂತಭದ್ರರ ಮಾತಿನಲ್ಲಿ ಇದು ಅಪ್ಪಟ ವಿಸ್ಮಯ. ಬೇರೆಯವರ ಕೈಯಲ್ಲಿದ್ದದ್ದನ್ನು ಕಂಡು ಬೆರಗಾದ ಹುಡುಗ. ಆದರೆ ಮುಂದೆ ನಡೆದದ್ದು ಬೇರೆ. ಮಂಗಳೂರಿನ ಕಲಾನಿಕೇತನದಲ್ಲಿ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ, ಆಮೇಲೆ ಮದ್ರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರಲ್ಲಿ ಕಲಿಕೆ. ವಾದ್ಯ ಕೈವಶವಾಗಲು ಹಿಡಿದದ್ದು ಸುಮಾರು ಇಪ್ಪತ್ತು ವರ್ಷ. ಉಸಿರನ್ನೂ ತುಟಿಯನ್ನೂ ಪಳಗಿಸಿ, ವಾದ್ಯವನ್ನೂ ತನ್ನ ಸಂಗೀತಕ್ಕೆ ಹೊಂದುವಂತೆ ಒಂದಿಷ್ಟು ಮಾರ್ಪಡಿಸಿಕೊಂಡು, ಅದರಲ್ಲಿ ಗಮಕ ಜಾರುವಂತೆ ಮಾಡಿದರು. 1980ರಲ್ಲಿ ಮುಂಬಯಿಯ ಜಾಝ್ ಉತ್ಸವದಲ್ಲಿ ಜಾನ್ ಹ್ಯಾಂಡಿ ಜೊತೆ ನು‌ಡಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನ ಬಿಬಿಸಿ ಪ್ರಾಮ್ಸ್ ವೇದಿಕೆ ಏರಿದರು. 2004ರಲ್ಲಿ ಪದ್ಮಶ್ರೀ. 2019ರ ಅಕ್ಟೋಬರಿನಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಕರಾವಳಿಯ ದೇವಸ್ಥಾನದ ಜಾತ್ರೆ, ಮದುವೆ, ನಾಗಾರಾಧನೆಗಳಲ್ಲಿ ಸ್ಯಾಕ್ಸೋಫೋನ್ ಪರದೇಶದ್ದೆಂದು ಯಾರಿಗೂ ಅನಿಸದಷ್ಟು ಊರಿನದಾಗಿತ್ತು.

ಹೊಸ ವಾದ್ಯದ ಆಸೆ ತಪ್ಪಾಗಿದ್ದರೆ ಇದೆಲ್ಲ ಇರುತ್ತಿರಲಿಲ್ಲ. ಆಸೆ ಮತ್ತು ಮೂರ್ಛೆಯ ನಡುವೆ ಇರುವ ಅಂತರ ಬಹುಶಃ ಆ ಇಪ್ಪತ್ತು ವರ್ಷಗಳಷ್ಟು. ಗ್ಯಾಸ್ ಹಿಡಿದವನ ಆಸೆ ವಸ್ತು ಕೈಗೆ ಬಂದ ದಿನ ಮುಗಿಯುತ್ತದೆ, ಮರುದಿನ ಇನ್ನೊಂದರ ಮೇಲೆ ಹೋಗಿ ಕೂರುತ್ತದೆ. ಗೋಪಾಲನಾಥರ ಆಸೆ ವಾದ್ಯ ಕೈಗೆ ಬಂದ ದಿನ ಶುರುವಾಯಿತು.

ಅದೇ ತಾಲೂಕಿನ ಮಂಚಿಯ ಬಾಬುಕೋಡಿಯಲ್ಲಿ 1929ರಲ್ಲಿ ಹುಟ್ಟಿದ ಬಿ.ವಿ. ಕಾರಂತರದು ಇನ್ನೂ ವಿಚಿತ್ರ. ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿ, ಬನಾರಸ್ಸಿನಲ್ಲಿ ಓಂಕಾರನಾಥ ಠಾಕೂರರಲ್ಲಿ ಸಂಗೀತ ಕಲಿತು, ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದವರು. ರಂಗಸಂಗೀತಕ್ಕೆ ಅವರು ವಾದ್ಯ ಹುಡುಕುತ್ತಿರಲಿಲ್ಲ. ಕೈಗೆ ಸಿಕ್ಕಿದ್ದು ವಾದ್ಯವಾಗುತ್ತಿತ್ತು. ಕಲ್ಲಿಗೆ ಕಲ್ಲು, ಬಿದಿರ ತುಂಡು, ತಗಡು, ನಟರ ಉಸಿರು. ಒಂದೂ ಕೊಂಡದ್ದಲ್ಲ, ಒಂದೂ ಇಟ್ಟುಕೊಳ್ಳುವಂಥದ್ದಲ್ಲ. ಉಪಕರಣ ಎಂಬುದರ ಅರ್ಥ ಇದಕ್ಕಿಂತ ಹಗುರವಾಗಲಾರದು. ಅಷ್ಟು ಹಗುರಾಗಿ ನಾದ ಹುಟ್ಟಿಸಿದವರು ತೃಪ್ತರಾಗಿದ್ದರೇ? ವೈದೇಹಿಯವರು ನಿರೂಪಿಸಿದ ಅವರ ಆತ್ಮಕಥೆಯ ಹೆಸರು ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’. ವಸ್ತುವಿನ ಹಂಗಿಲ್ಲದವನ ಮನಸ್ಸು ನೆಮ್ಮದಿಯಾಗಿಯೇ ಇರುತ್ತದೆ ಎಂಬ ನಂಬಿಕೆಗೆ ಆ ಹೆಸರು ಸಣ್ಣಗೆ ಚಿವುಟುತ್ತದೆ. ಪತಂಜಲಿಯ ಯೋಗಸೂತ್ರವೂ ಅಪರಿಗ್ರಹವನ್ನು ಯಮಗಳಲ್ಲಿ, ಸಂತೋಷವನ್ನು ನಿಯಮಗಳಲ್ಲಿ ಬೇರೆಬೇರೆಯಾಗಿಯೇ ಇಟ್ಟಿದೆ. ಒಂದು ಬಂದರೆ ಇನ್ನೊಂದು ತಾನಾಗಿ ಹಿಂದೆ ಬರುವುದಿಲ್ಲ.

ಕಾರಂತರು ನಿರ್ದೇಶಿಸಿದ ‘ಚೋಮನ ದುಡಿ’ 1975ರ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಮೂಲ ಶಿವರಾಮ ಕಾರಂತರ 1933ರ ಕಾದಂಬರಿ. ಚೋಮನ ಬಳಿ ಇರುವುದು ಒಂದು ದುಡಿ. ದುಃಖಕ್ಕೂ ಅದೇ, ಕುಡಿತಕ್ಕೂ ಅದೇ, ಸಿಟ್ಟಿಗೂ ಅದೇ. ಇನ್ನೊಂದು ದುಡಿ ಬೇಕೆಂದು ಅವನು ಯಾವತ್ತೂ ಕೇಳಲಿಲ್ಲ. ಅವನಿಗೆ ಬೇಕಿದ್ದದ್ದು ತಾನೇ ಉಳುವ ತುಂಡು ಭೂಮಿ. ಅವನ ಜಾತಿಗೆ ಅದು ಸಲ್ಲದು ಎಂದಿತು ಆ ಕಾಲ. ಅವನಿಗೆ ಸಂತೃಪ್ತಿಯ ಪಾಠ ಹೇಳುವ ಬಾಯಿ ಯಾವುದು?

ಕೊರಗರ ಡೋಲಿನ ಕಥೆ ಕಾದಂಬರಿಯದ್ದಲ್ಲ. ಅಜಲು ಎಂಬ ಕಟ್ಟುಪಾಡಿನ ಹೆಸರಿನಲ್ಲಿ ಅವರನ್ನು ಕರೆಸಿ ಡೋಲು ಬಡಿಸುವುದು ಈ ನಾಡಿನ ಹಬ್ಬಗಳ ಭಾಗವಾಗಿತ್ತು. ಬಾರಿಸುವ ಕೈ ಅವರದ್ದಾಗಿದ್ದರೂ ಬಾರಿಸದಿರುವ ಹಕ್ಕು ಅವರದ್ದಾಗಿರಲಿಲ್ಲ. ಅದನ್ನು ನಿಷೇಧಿಸುವ ಕಾನೂನು ಕರ್ನಾಟಕದಲ್ಲಿ ಬಂದದ್ದು 2000ದಲ್ಲಿ. ಪರಿಗ್ರಹ ಪರಿಮಾಣ ವ್ರತದ ಹಳೆಯ ಪಟ್ಟಿಯಲ್ಲಿ ‘ದಾಸ, ದಾಸಿ’ ಎಂದು ಆಳುಗಳನ್ನೂ ಸ್ವತ್ತಿನ ಜೊತೆ ಎಣಿಸಿದ್ದನ್ನು ಇಲ್ಲಿ ನೆನೆಯದೆ ಇರಲಾಗದು. ಗೆರೆ ಎಳೆದುಕೊಳ್ಳುವ ಸ್ವಾತಂತ್ರ್ಯ ಇದ್ದವನಿಗೆ ಮಾತ್ರ ವ್ರತಕ್ಕೆ ಅರ್ಥವಿದೆ. ಗೆರೆಯನ್ನು ಬೇರೆಯವರು ಎಳೆದಿಟ್ಟಲ್ಲಿ ‘ಇದ್ದದ್ದರಲ್ಲಿ ತೃಪ್ತಿಪಡು’ ಎಂಬುದು ಧರ್ಮದ ಮಾತಾಗಿ ಉಳಿಯುವುದಿಲ್ಲ.

ಇರುವವರ ವಿಷಯಕ್ಕೆ ಮರಳಿದರೆ, ಮೂಡುಬಿದಿರೆಯೇ ಒಂದು ಒಗಟು. ಮಿತಿಯ ವ್ರತ ಹೇಳುವ ಊರಿನಲ್ಲಿ 1430ರಲ್ಲಿ ಎದ್ದದ್ದು ಸಾವಿರ ಕಂಬದ ಬಸದಿ. ಊರಿನ ಬಸದಿಗಳ ಸಂಖ್ಯೆ 18. ಇಷ್ಟೊಂದು ಕಲ್ಲು, ಕಂಚು ಎಲ್ಲಿಂದ ಬಂತು? ವ್ರತ ಗಳಿಕೆಯ ಕೈ ಕಟ್ಟಲಿಲ್ಲ, ಇಟ್ಟುಕೊಳ್ಳುವ ಕೈ ಕಟ್ಟಿತು. ಗೆರೆಯ ಆಚೆಗೆ ಹರಿದದ್ದಕ್ಕೆ ದಾನ ಎಂಬ ಕಾಲುವೆ ಇತ್ತು. ಹಿಮ್ಮೇಳದ ಲೋಕದಲ್ಲೂ ಆ ಕಾಲುವೆ ಇದೆ. ಕಲಿಯುವ ಹುಡುಗ ಮೊದಲು ಬಾಯಿತಾಳ ಹೇಳುತ್ತಾನೆ, ತೊಡೆಯ ಮೇಲೆ, ಮರದ ತುಂಡಿನ ಮೇಲೆ ಕೈ ಪಳಗಿಸುತ್ತಾನೆ. ಆಮೇಲೆ ಅವನ ಕೈಗೆ ಬರುವ ಮೊದಲ ಮದ್ದಳೆ ಎಷ್ಟೋ ಸಲ ಗುರುಗಳ ಮನೆಯ ಹಳೆಯದು. ಮೂರನೆಯ ಮದ್ದಳೆಗೆ ಇಂಥ ಒಂದು ಮನೆ ಸಿಕ್ಕಿದರೆ ಅದು ಮತ್ತೆ ಉಪಕರಣ.

ಯಾವ ಉಪಕರಣವೂ ಇಲ್ಲದೆ ನಿಂತವನು ವೇಣೂರಿನಲ್ಲಿದ್ದಾನೆ. ಬೆಳ್ತಂಗಡಿ ತಾಲೂಕಿನ ಈ ಊರಲ್ಲಿ ಫಲ್ಗುಣಿ ನದಿಯ ಬಳಿ ಅಜಿಲ ಅರಸ ತಿಮ್ಮಣ್ಣ 1604ರಲ್ಲಿ ನಿಲ್ಲಿಸಿದ ಬಾಹುಬಲಿ, 35 ಅಡಿ ಎತ್ತರ. ಅಣ್ಣ ಭರತನನ್ನು ಗೆದ್ದು, ಗೆದ್ದದ್ದನ್ನೇ ಬಿಟ್ಟು ಕಾಯೋತ್ಸರ್ಗದಲ್ಲಿ ನಿಂತವನು. ಬಳ್ಳಿ ಕಾಲಿಗೆ ಹಬ್ಬಿತು, ಹುತ್ತ ಬೆಳೆಯಿತು. ಆದರೂ ಜ್ಞಾನ ಬರಲಿಲ್ಲ. ತಾನು ನಿಂತಿರುವ ನೆಲ ಅಣ್ಣನದಲ್ಲವೇ ಎಂಬ ಒಂದು ಮುಳ್ಳು ಮನಸ್ಸಿನಲ್ಲಿ ಉಳಿದಿತ್ತೆಂದು ಜನ ಹೇಳುವ ಕಥೆ. ಮೈಮೇಲೆ ಎಳೆ ನೂಲಿಲ್ಲ. ಕಾಲಡಿಯ ಎರಡು ಹೆಜ್ಜೆ ನೆಲ ಪರಿಗ್ರಹವಾಗಿ ಕಾಡಿತು.

ಭರತನ ಕಥೆ ಹೇಳಿದವನು ಮೂಡುಬಿದಿರೆಯವನು. ಹದಿನಾರನೆಯ ಶತಮಾನದ ರತ್ನಾಕರವರ್ಣಿ ‘ಭರತೇಶ ವೈಭವ’ವನ್ನು ಸಾಂಗತ್ಯದಲ್ಲಿ ಬರೆದ. ಚಕ್ರವರ್ತಿಗೆ ಹದಿನಾಲ್ಕು ರತ್ನ, ಒಂಬತ್ತು ನಿಧಿ. ಪುರಾಣಗಳ ಪ್ರಕಾರ ಆ ನಿಧಿಗಳಲ್ಲಿ ಒಂದರ ಕೆಲಸವೇ ಬೇಕಾದ ವಾದ್ಯಗಳನ್ನು ಒದಗಿಸುವುದು. ಬೇಸ್ ಗಿಟಾರಿನ ಹುಡುಗ ಕನಸಿನಲ್ಲೂ ಕಾಣದ ಅಂಗಡಿ: ಬೆಲೆಪಟ್ಟಿ ಇಲ್ಲ, ಬಾಗಿಲು ಮುಚ್ಚುವುದಿಲ್ಲ. ಹಾಡು, ಕುಣಿತ, ಊಟ, ಸಂಸಾರ ಎಲ್ಲದರ ನಡುವೆ ಕೂತ ರತ್ನಾಕರನ ಭರತ ಕಣ್ಣು ಮುಚ್ಚಿದರೆ ಆತ್ಮಧ್ಯಾನ. ಕೊನೆಗೆ ದೀಕ್ಷೆ ತೊಟ್ಟಾಗ ಅವನಿಗೆ ಕೇವಲಜ್ಞಾನ ಬರಲು ಒಂದು ಅಂತರ್ಮುಹೂರ್ತವೂ ಹಿಡಿಯಲಿಲ್ಲ.

ಇದನ್ನು ಓದಿ ಸಂಗ್ರಹಕಾರರು ಹಿಗ್ಗಬಹುದು. ಆದರೆ ಭರತ ಒಬ್ಬ. ಕವಿ ಅವನನ್ನು ಹೊಗಳಿದ್ದು ಎಲ್ಲರೂ ಹಾಗಿರಬಲ್ಲರೆಂದಲ್ಲ, ಹಾಗಿರುವುದು ಎಷ್ಟು ಅಪರೂಪವೆಂದು. ಉಳಿದವರಿಗಾಗಿ ಶ್ರಾವಕಾಚಾರದ ಎಣಿಕೆ ಇದೆ. ಎಣಿಕೆಯಿಂದ ಮೂರ್ಛೆ ತಿಳಿಯುವುದಿಲ್ಲ, ನಿಜ. ಎಣಿಕೆಯೂ ಇಲ್ಲದಿದ್ದರೆ ಮೂರ್ಛೆ ಹೋದದ್ದು ನಮಗೆ ಗೊತ್ತಾಗುವುದೇ ಇಲ್ಲ. ಎಚ್ಚರ ತಪ್ಪಿದವನಿಗೆ ತನ್ನ ಎಚ್ಚರ ತಪ್ಪಿದೆಯೆಂದು ಹೇಳಲು ಹೊರಗಿನ ಗುರುತೊಂದು ಬೇಕು.

ಮೂಡುಬಿದಿರೆಗೆ ಹತ್ತಿರದ ಮಾರೂರಿನಲ್ಲಿ ನೆಲೆಸಿದ್ದ ಬಲಿಪ ನಾರಾಯಣ ಭಾಗವತರು 2023ರ ಫೆಬ್ರವರಿಯಲ್ಲಿ ತೀರಿಕೊಂಡರು. ಕಟೀಲು ಮೇಳದ ರಂಗಸ್ಥಳದಲ್ಲಿ ಅವರ ಕೈಯಲ್ಲಿದ್ದದ್ದು ಜಾಗಟೆ. ಉಳಿದದ್ದೆಲ್ಲ ಕಂಠ ಮತ್ತು ನೆನಪು. ನೂರಾರು ಪ್ರಸಂಗಗಳು ಅವರ ತಲೆಯೊಳಗಿದ್ದವು. ಪುಸ್ತಕ ಎದುರಿಟ್ಟುಕೊಳ್ಳುವ ಪ್ರಮೇಯ ಇರಲಿಲ್ಲ. ಅಂಥ ಸಂಗ್ರಹಕ್ಕೂ ಪರಿಗ್ರಹ ಎನ್ನಬೇಕೇ? ಹತ್ತು ಬಗೆಯ ಹೊರಗಿನ ಸ್ವತ್ತಿನ ಪಟ್ಟಿಯಲ್ಲಿ ಕಂಠಪಾಠ ಇಲ್ಲ. ಒಳಗಿನ ಪರಿಗ್ರಹಗಳ ಪಟ್ಟಿ ಬೇರೆ ಇದೆ, ಅದರಲ್ಲಿ ಹದಿನಾಲ್ಕು: ಕ್ರೋಧ, ಮಾನ, ಮಾಯೆ, ಲೋಭ ಮೊದಲಾದವು. ‘ನನ್ನಲ್ಲಿ ಒಂದೇ ಮದ್ದಳೆ’ ಎಂದು ಎದೆ ಉಬ್ಬಿಸುವವನ ಸಲುವಾಗಿ ಮಾನ ಎಂಬುದು ಆ ಪಟ್ಟಿಯಲ್ಲಿ ಕಾದು ಕೂತಿದೆ.

ಮಳೆಗಾಲದ ಮುಸ್ಸಂಜೆ ಈ ತಾಲೂಕುಗಳಲ್ಲಿ ಚಿಕ್ಕಮೇಳ ಮನೆಮನೆಗೆ ಬರುತ್ತದೆ. ಒಬ್ಬ ಭಾಗವತ, ಚೆಂಡೆ, ಮದ್ದಳೆ, ಶ್ರುತಿಪೆಟ್ಟಿಗೆ, ಎರಡು ವೇಷ. ಚಾವಡಿಯಲ್ಲಿ ದೀಪ ಹಚ್ಚಿಟ್ಟರೆ ಅದೇ ರಂಗಸ್ಥಳ. ಹತ್ತು ಹದಿನೈದು ನಿಮಿಷದ ಆಟ, ಮನೆಯವರು ಕೊಟ್ಟ ಅಕ್ಕಿ ತೆಂಗಿನಕಾಯಿ ಕಾಣಿಕೆ, ಮುಂದಿನ ಮನೆಗೆ ನಡಿಗೆ. ಅದೇ ಕಲಾವಿದ ಬೇಸಿಗೆಯ ದೊಡ್ಡ ಆಟದಲ್ಲಿ, ಮಹಿಷಾಸುರ ಸಭೆಯ ನಡುವಿನಿಂದ ಬರುವಾಗ, ಸಾಲಾಗಿ ನಿಂತ ನಾಲ್ಕೈದು ಚೆಂಡೆಗಳಲ್ಲಿ ಒಂದಕ್ಕೆ ಕೋಲು ಹಾಕಿದ್ದವನೂ ಇರಬಹುದು. ಅಲ್ಲಿ ಆ ಅಬ್ಬರ ಬೇಕು; ಚಾವಡಿಯಲ್ಲಿ ಅಷ್ಟು ಚೆಂಡೆ ಬಂದರೆ ಮನೆಯ ಹೆಂಚು ಹಾರೀತು. ಎಷ್ಟು ಸಾಕು ಎಂಬುದನ್ನು ಅವನಿಗೆ ಜಾಗ ಹೇಳಿಕೊಡುತ್ತದೆ.

ಇದೇ ಮಳೆಗಾಲ ಜೈನ ಮುನಿಗಳಿಗೆ ಚಾತುರ್ಮಾಸ. ಮಣ್ಣಿನಲ್ಲಿ ಜೀವಿಗಳು ಹೆಚ್ಚುವ ಕಾಲ. ನಡೆದರೆ ಹಿಂಸೆಯೆಂದು ಒಂದೇ ಊರಿನಲ್ಲಿ ನಿಲ್ಲುತ್ತಾರೆ. ಅದು ಮುಗಿಯುವಾಗ ಪಿಂಛಿ ಬದಲಿಸುವ ಸಮಾರಂಭ. ವರ್ಷವಿಡೀ ನೆಲ ಸವರಿದ ಗರಿಗಳು ಒರಟಾಗಿರುತ್ತವೆ, ಒರಟು ಗರಿಯಿಂದ ಇರುವೆಗೂ ನೋವು. ಶ್ರಾವಕರು ಹೊಸ ಪಿಂಛಿ ಒಪ್ಪಿಸುತ್ತಾರೆ. ಹಳೆಯದು ಏನಾದರೊಂದು ವ್ರತ ತೊಟ್ಟ ಗೃಹಸ್ಥನ ಪಾಲಿಗೆ ಹೋಗುತ್ತದೆ. ಎರಡೂ ಒಟ್ಟಿಗೆ ಮುನಿಯ ಕೈಯಲ್ಲಿ ಉಳಿಯುವುದಿಲ್ಲ. ಆಮೇಲೆ ಅವರ ವಿಹಾರ ಶುರು.

ಹೆಚ್ಚುಕಡಿಮೆ ಅದೇ ಹೊತ್ತಿಗೆ ಮೇಳಗಳ ತಿರುಗಾಟವೂ ಶುರುವಾಗುತ್ತದೆ. ಗೆಜ್ಜೆ ಕಟ್ಟಿ, ಚೌಕಿಯಲ್ಲಿ ಗಣಪತಿ ಪೂಜೆ ಮುಗಿಯುತ್ತದೆ. ಹಳೆಯ ಕಳಸಿಗೆಗೆ ಹೊಸ ಮುಚ್ಚಿಗೆ. ಅದರ ಚರ್ಮ ಇನ್ನೂ ಬೆರಳಿಗೆ ಒಗ್ಗಬೇಕು. ಭಾಗವತರು ಬಂದು ಕೂರುತ್ತಾರೆ. ಮದ್ದಳೆಗಾರ ಕೇಳುತ್ತಾನೆ, ‘ಇವತ್ತು ಎಷ್ಟಕ್ಕೆ, ಕಪ್ಪು ಒಂದಾ?’ ಭಾಗವತರು ತಲೆಯಾಡಿಸುತ್ತಾರೆ. ತಂದ ಎರಡರಲ್ಲಿ ಒಂದನ್ನು ಪಕ್ಕಕ್ಕೆ ಸರಿಸಿ, ಇನ್ನೊಂದನ್ನು ಅವನು ಮಡಿಲಿಗೆ ಎಳೆದುಕೊಳ್ಳುತ್ತಾನೆ.